ಕ್ಯಾಬಿನ್ ಕಿಂಡಿಯಿಂದ: ಓದುಗರ ಪ್ರಶ್ನೆ, ಆಪರೇಟರ್ ಮಗಳ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಬೀದಿಯ ಟಾಕೀಸಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಮ್ಮ ಅಪ್ಪ ತುಮಕೂರಿನ ಒಂದು ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದರು. ನಮ್ಮ ಮನೆ ಆ ಥಿಯೇಟರಿನ ಹಿಂದಿನ ಗಲ್ಲಿಯಲ್ಲಿತ್ತು. ನಾನು ಶಾಲೆಗೆ ಹೋಗುತ್ತಿದ್ದದ್ದು 1970ರ ದಶಕದಲ್ಲಿ. ಸೆಕೆಂಡ್ ಶೋ ಡೈಲಾಗು ಗೋಡೆ ದಾಟಿ ನಮ್ಮ ಹಾಸಿಗೆವರೆಗೂ ಬರುತ್ತಿತ್ತು. ಮುಂದೆ ಕನ್ನಡ ಟೀಚರ್ ಆದೆ. ಈಗ ನಿವೃತ್ತಿಯಾಗಿದೆ.

ಪ್ರಶ್ನೆ: ಸಿನಿಮಾ ಮಧ್ಯೆ ಫಿಲ್ಮ್ ಕಟ್ಟಾದರೆ ನಾವೆಲ್ಲ ಹಿಂದೆ ತಿರುಗಿ ಆ ಕಿಂಡಿ ನೋಡಿಕೊಂಡು ಕೂಗುತ್ತಿದ್ದೆವು, ಸಿಳ್ಳೆ ಹೊಡೆಯುತ್ತಿದ್ದೆವು. ಆಗ ಒಳಗೆ ಏನು ನಡೆಯುತ್ತಿತ್ತು? ನಿಮ್ಮ ತಂದೆಯವರಿಗೆ ಬೇಜಾರಾಗುತ್ತಿರಲಿಲ್ಲವಾ?
— ನಿವೃತ್ತ ಬ್ಯಾಂಕ್ ನೌಕರ, ಗುಬ್ಬಿ

ಕ್ಯಾಬಿನ್ ಅಂದರೆ ಸಣ್ಣ ಕೋಣೆ. ಒಳಗೆ ಆಳೆತ್ತರದ ಎರಡು ಪ್ರೊಜೆಕ್ಟರ್. ಎರಡಕ್ಕೂ ಹಿಂದೆ ಬೆಳಕಿನ ಪೆಟ್ಟಿಗೆ, ಅಂದರೆ ಲ್ಯಾಂಪ್‌ಹೌಸ್, ಅದರ ಹೊಗೆ ಹೋಗಲು ಚಾವಣಿಗೆ ಕೊಳವೆ. ಆಗ ಬೆಳಕಿಗೆ ಬಲ್ಬು ಇರಲಿಲ್ಲ. ತಾಮ್ರದ ಲೇಪ ಇದ್ದ, ಪೆನ್ಸಿಲ್ ದಪ್ಪದ ಎರಡು ಕಾರ್ಬನ್ ಕಡ್ಡಿ. ಎರಡರ ತುದಿಯನ್ನು ಎದುರುಬದುರು ಇಟ್ಟು, ಮುಟ್ಟಿಸಿ, ಚೂರೇ ಚೂರು ದೂರ ಮಾಡಿದರೆ ನಡುವೆ ಕಿಡಿ ಹೊತ್ತಿಕೊಳ್ಳುತ್ತಿತ್ತು. ಆ ಜಾಗದ ಶಾಖ 3,500 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ. ಬರಿಗಣ್ಣಲ್ಲಿ ನೋಡುವ ಹಾಗಿಲ್ಲ. ಪಕ್ಕದಲ್ಲಿ ಕಪ್ಪು ಗಾಜಿನ ಸಣ್ಣ ಕಿಟಕಿ ಇತ್ತು, ಅದರಲ್ಲೇ ನೋಡಬೇಕು. ಕಡ್ಡಿ ಉರಿದ ಹಾಗೆ ಸವೆಯುತ್ತದೆ, ನಡುವಿನ ಜಾಗ ದೊಡ್ಡದಾಗುತ್ತದೆ. ಅಪ್ಪ ಒಂದು ತಿರುಪು ಹಿಡಿದು ಆಗಾಗ ಕಡ್ಡಿಯನ್ನು ಮುಂದೆ ತಳ್ಳುತ್ತಲೇ ಇರಬೇಕಿತ್ತು. ಮರೆತರೆ ನಿಮ್ಮ ಪರದೆ ಮಂಕಾಗುತ್ತಿತ್ತು.

ಇನ್ನು ಫಿಲ್ಮು. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು. ಅಂದರೆ ನಿಮಿಷಕ್ಕೆ 90 ಅಡಿ. 1,000 ಅಡಿಯ ಒಂದು ರೀಲು ಮುಗಿಯಲು 11 ನಿಮಿಷ. ಅಪ್ಪ ಎರಡೆರಡು ರೀಲು ಸೇರಿಸಿ ಓಡಿಸುತ್ತಿದ್ದರು. ಆದರೂ 22 ನಿಮಿಷಕ್ಕೊಮ್ಮೆ ಮುಂದಿನ ಮಿಷನ್‌ಗೆ ಫಿಲ್ಮ್ ಏರಿಸಿ ಸಿದ್ಧವಾಗಿರಬೇಕು, ಹಿಂದಿನದನ್ನು ಕೈಯಲ್ಲಿ ತಿರುಗಿಸಿ ವಾಪಸ್ ಸುತ್ತಬೇಕು. ಈ ನಡುವೆಯೇ ಊಟ. ಅಮ್ಮ ಕಟ್ಟಿಕೊಟ್ಟ ಮುದ್ದೆ ಸಾರು ನಾನೇ ತೆಗೆದುಕೊಂಡು ಹೋಗುತ್ತಿದ್ದೆ. ಅಪ್ಪ ನಿಂತೇ ಉಣ್ಣುತ್ತಿದ್ದರು, ಒಂದು ಕಿವಿ ಮಿಷನ್ ಸದ್ದಿನ ಕಡೆಗೇ ಇರುತ್ತಿತ್ತು. ಸದ್ದು ಚೂರು ಬದಲಾದರೂ ಕೈ ತೊಳೆಯದೆ ಎದ್ದು ಹೋಗುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಫಿಲ್ಮಿನ ಅಂಚಿನ ತೂತು ಹರಿದರೆ ಅದು ಗೇಟಿನಲ್ಲಿ, ಅಂದರೆ ಮಿಷನ್ ಒಳಗೆ ಬೆಳಕಿನ ಮುಂದೆ ಫಿಲ್ಮ್ ಹಾದುಹೋಗುವ ಸಂದಿನಲ್ಲಿ, ನಿಂತುಬಿಡುತ್ತದೆ. ನಿಂತ ಕ್ಷಣವೇ ಆ ಶಾಖಕ್ಕೆ ಸುಡುತ್ತದೆ. ಹೀರೋಯಿನ್ ಮುಖದ ಮಧ್ಯೆ ಕಂದು ಗುಳ್ಳೆ ಎದ್ದು ಹರಡಿಕೊಂಡು ಆಮೇಲೆ ಪರದೆಯೆಲ್ಲ ಬಿಳಿ ಆಗುತ್ತಿತ್ತಲ್ಲ, ಅದು ಇದೇ. ಅಪ್ಪ ಮೊದಲು ಬೆಳಕಿನ ಮುಚ್ಚಳ ಎಳೆಯುತ್ತಿದ್ದರು, ಆಮೇಲೆ ಮೋಟರ್ ಆಫ್. ಸುಟ್ಟ ತುಂಡು ಕತ್ತರಿಸಿ, ಉಳಿದ ಫಿಲ್ಮನ್ನು ಹಲ್ಲುಚಕ್ರಗಳ ಮೇಲೆ ಮತ್ತೆ ಏರಿಸಿ, ತುದಿಯನ್ನು ಕೆಳಗಿನ ರೀಲಿಗೆ ಸುಮ್ನೆ ಸಿಕ್ಕಿಸಿ ಓಡಿಸುತ್ತಿದ್ದರು. ಸರಿಯಾಗಿ ಅಂಟಿಸುವುದು ಶೋ ಮುಗಿದ ಮೇಲೆ. ಬ್ಲೇಡಿನಲ್ಲಿ ಫಿಲ್ಮಿನ ಮೇಲ್ಪದರ ಕೆರೆದು, ಸಿಮೆಂಟು ಅನ್ನುವ ಅಂಟು ಹಚ್ಚಿ, ಒತ್ತಿ ಹಿಡಿಯಬೇಕು. ಆ ಅಂಟಿನ ವಾಸನೆ ಅಪ್ಪನ ಶರ್ಟಿನಲ್ಲಿ ಯಾವಾಗಲೂ ಇರುತ್ತಿತ್ತು.

ಒಂದೊಂದು ಸಲ ಕಟ್ಟಾದಾಗಲೂ ಕೆಲವು ಚಿತ್ರ ಕಳೆದುಹೋಗುತ್ತದೆ. ಬೆಂಗಳೂರಿನಲ್ಲಿ ವಾರಗಟ್ಟಲೆ ಓಡಿದ ಪ್ರಿಂಟು ನಮ್ಮೂರಿಗೆ ಬರುವ ಹೊತ್ತಿಗೆ ಹಾಡು ಅಲ್ಲಲ್ಲಿ ಹಾರುತ್ತಿತ್ತು. ಇಲ್ಲಿಂದ ಹೋಬಳಿಯ ಟೆಂಟ್ ಸಿನಿಮಾಗೆ ಹೋಗುವಷ್ಟರಲ್ಲಿ ಪರದೆ ಮೇಲೆ ಮಳೆ ಹುಯ್ದ ಹಾಗೆ ಗೀರು. ಜನ ಬೈಯುತ್ತಿದ್ದದ್ದು ಆಪರೇಟರನ್ನ.

ಬೇಜಾರಾಗುತ್ತಿರಲಿಲ್ಲವಾ ಅಂತ ಕೇಳಿದ್ದೀರಿ. ನಾನೂ ಒಮ್ಮೆ ಅತ್ತುಕೊಂಡು ಕೇಳಿದ್ದೆ. "ಅವರು ಕೂಗ್ಲಿ ಬಿಡು ಮಗ. ನೋಡೋ ಆಸೆಗೆ ಕೂಗ್ತಾರೆ. ಕೂಗದೆ ಎದ್ದೋದ್ರೆ ನಾವು ಹೆದರ್ಬೇಕು" ಅಂದಿದ್ದರು. ಆ ಮಾತನ್ನು ನಾನು ಇವತ್ತಿಗೂ ನಂಬುತ್ತೇನೆ.

ಪ್ರಶ್ನೆ: ಪರದೆಯ ಬಲಗಡೆ ಮೇಲ್ತುದಿಯಲ್ಲಿ ಆಗಾಗ ಒಂದು ದುಂಡನೆ ಚುಕ್ಕೆ ಮಿಂಚಿ ಹೋಗುತ್ತಿತ್ತು. ನಮ್ಮಣ್ಣ ಅದು ಫಿಲ್ಮಿಗೆ ಬಿದ್ದ ತೂತು ಅನ್ನುತ್ತಿದ್ದ. ಹೌದಾ?
— ಹಾರ್ಡ್‌ವೇರ್ ಅಂಗಡಿ ಮಾಲೀಕ, ಶಿರಾ

ತೂತಲ್ಲ, ಅದು ಆಪರೇಟರಿಗೆ ಇಟ್ಟ ಗುರುತು. ರೀಲು ಮುಗಿಯುವ ಮುಂಚೆ ಎರಡು ಸಲ ಬರುತ್ತದೆ. ಮೊದಲನೆಯದು ಕಂಡಾಗ ಎರಡನೇ ಮಿಷನ್ ಮೋಟರ್ ಶುರು ಮಾಡಬೇಕು. ಸುಮಾರು ಏಳು ಸೆಕೆಂಡ್ ಆದ ಮೇಲೆ ಎರಡನೆಯದು. ಆಗ ಓಡುತ್ತಿರುವ ಮಿಷನ್ ಬೆಳಕು ಮುಚ್ಚಿ ಎರಡನೇ ಮಿಷನ್ ಬೆಳಕು ಬಿಡಬೇಕು. ನಾಲ್ಕೇ ನಾಲ್ಕು ಚಿತ್ರದ ಮೇಲೆ ಇರುವ ಗುರುತು ಅದು, ಒಂದು ಸೆಕೆಂಡಿನಲ್ಲಿ ಆರನೇ ಒಂದು ಪಾಲು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಅಪ್ಪನಿಗೆ ಒಂದು ವಾರ ಓಡಿದ ಸಿನಿಮಾದಲ್ಲಿ ಚುಕ್ಕೆ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ, ಯಾವ ಮಾತಿಗೆ ಬರುತ್ತದೆ ಅಂತ ಗೊತ್ತಿರುತ್ತಿತ್ತು. ನಿಮ್ಮ ಕಣ್ಣಿಗೆ ರೀಲು ಬದಲಾದದ್ದೇ ತಿಳಿಯದಿದ್ದರೆ ಆ ಆಪರೇಟರ್ ಕೆಲಸ ಚೆನ್ನಾಗಿ ಮಾಡಿದ್ದಾನೆ ಅಂತ ಅರ್ಥ.

ಇದರ ಜೊತೆಗೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಎಷ್ಟೋ ಜನ ಕೇಳುತ್ತಾರೆ. ಮಾತೂ ಅದೇ ಫಿಲ್ಮಿನ ಅಂಚಿನಲ್ಲಿ ಒಂದು ಗೆರೆಯಾಗಿ ಅಚ್ಚಾಗಿರುತ್ತದೆ. ಆದರೆ ಚಿತ್ರದ ಪಕ್ಕದಲ್ಲೇ ಅದರ ಮಾತು ಇರುವುದಿಲ್ಲ, ಸುಮಾರು 20 ಚಿತ್ರದಷ್ಟು ಮುಂದೆ ಇರುತ್ತದೆ. ಯಾಕೆಂದರೆ ಚಿತ್ರ ಗೇಟಿನಲ್ಲಿ ನಿಂತು ನಿಂತು ಹೋಗಬೇಕು, ಮಾತು ಮಾತ್ರ ಒಂದೇ ಸಮ ಜಾರಬೇಕು. ಒಂದೇ ಜಾಗದಲ್ಲಿ ಎರಡೂ ಆಗುವುದಿಲ್ಲ, ಅಲ್ವಾ? ಅದಕ್ಕೆ ಎರಡರ ಮಧ್ಯೆ ಫಿಲ್ಮನ್ನು ಸಡಿಲವಾಗಿ ಬಾಗಿಸಿ ಬಿಡುತ್ತಾರೆ. ಆ ಬಾಗು ಹೆಚ್ಚುಕಮ್ಮಿ ಆದರೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಪ್ರಶ್ನೆ: ಸಿನಿಮಾ ಶುರುವಿಗೆ ತೋರಿಸುವ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ರೀಲು ಎಷ್ಟು ಅಂತ ಓದಿ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅದರಲ್ಲಿ ಕೆಲವು ಸಲ ತ್ರಿಕೋನ ಇರುತ್ತಿತ್ತು. ಅದೇನು?
— ಗೃಹಿಣಿ, ಕುಣಿಗಲ್

ಮಂಡಳಿ ಹೇಳಿ ಕತ್ತರಿಸಿದ ಭಾಗ ಇದೆ ಅನ್ನುವುದಕ್ಕೆ ಆ ತ್ರಿಕೋನ. ಏನೇನು ತೆಗೆದರು ಅನ್ನುವ ವಿವರ ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿ ಇರುತ್ತದೆ. ರೀಲು ಜಾಸ್ತಿ ಇದ್ದರೆ ನಾವೂ ಚಪ್ಪಾಳೆ ತಟ್ಟುತ್ತಿದ್ದೆವು. ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬ ಸಿನಿಮಾ!

ಪ್ರಶ್ನೆ: ನಮ್ಮಜ್ಜಿ ಟೆಂಟ್ ಸಿನಿಮಾಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಮೂರು ನಾಲ್ಕು ಇಂಟರ್‌ವಲ್ ಇರುತ್ತಿತ್ತು ಅನ್ನುತ್ತಾರೆ. ನಿಜವಾ?
— ಪಿಯುಸಿ ವಿದ್ಯಾರ್ಥಿ, ಮಧುಗಿರಿ

ನಿಮ್ಮಜ್ಜಿ ಹೇಳುವುದು ಪೂರ್ತಿ ನಿಜ. ಎಷ್ಟೋ ಟೂರಿಂಗ್ ಟಾಕೀಸಿನಲ್ಲಿ, ಅಂದರೆ ಊರೂರಿಗೆ ಹೋಗುವ ಟೆಂಟ್ ಸಿನಿಮಾದಲ್ಲಿ, ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದರೆ ಲೈಟ್ ಹಾಕಿ, ಹೊಸ ರೀಲು ಏರಿಸುವವರೆಗೂ ಎಲ್ಲರೂ ಕಾಯಬೇಕು. ಕಡಲೆಕಾಯಿ, ಸೋಡಾ, ಬೀಡಿ, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು, ಎಲ್ಲ ಆವಾಗಲೇ.

ನಮ್ಮಪ್ಪ ಕೆಲಸ ಕಲಿತದ್ದೂ ಟೆಂಟಿನಲ್ಲೇ, ಗುಬ್ಬಿ ಕಡೆ ಹಳ್ಳಿಯೊಂದರಲ್ಲಿ, ಹುಡುಗನಾಗಿ ರೀಲು ಸುತ್ತಿಕೊಂಡು. ಹಗಲು ಬೆಳಕಿದ್ದರೆ ಟೆಂಟಿನೊಳಗೆ ಪರದೆ ಕಾಣುವುದಿಲ್ಲ. ಅದಕ್ಕೆ ಎರಡೇ ಆಟ, ಕತ್ತಲಾದ ಮೇಲೆ ಒಂದು, ಊಟ ಆದ ಮೇಲೆ ಒಂದು. ನೆಲದ ಕ್ಲಾಸಿಗೆ ಮರಳು ಹಾಸಿರುತ್ತಿದ್ದರು. ಮುಂದೆ ಕೂತವನ ತಲೆ ಅಡ್ಡ ಬಂದರೆ ಮಕ್ಕಳು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಮೋಟು ಗೋಡೆಯೋ ತಡಿಕೆಯೋ. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಊರಿನ ಪಟೇಲರು, ಮೇಷ್ಟ್ರು, ಡಾಕ್ಟರು ಕುರ್ಚಿಗೆ.

ಗಡಿಯಾರ ಯಾರ ಮನೆಯಲ್ಲಿತ್ತು ಹೇಳಿ? ಟೆಂಟಿನ ಮೇಲೆ ಕಟ್ಟಿದ ಧ್ವನಿವರ್ಧಕದಲ್ಲಿ ಘಂಟಸಾಲ ಅವರು ಹಾಡಿದ ವೆಂಕಟೇಶನ ಹಾಡು ಹಾಕಿದರೆ ಆಟ ಶುರುವಾಗುತ್ತದೆ ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತಿತ್ತು. ಗದ್ದೆಯಲ್ಲಿದ್ದವರು ಹೆಜ್ಜೆ ಜೋರು ಮಾಡುತ್ತಿದ್ದರು. ನಿಮ್ಮಜ್ಜಿಯ ಮುಂದೆ ಆ ಹಾಡನ್ನು ಫೋನಿನಲ್ಲಿ ಹಾಕಿ ನೋಡು. ಆಮೇಲೆ ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೋ, ಮಗು. ಈ ವಾರವೇ ಮಾಡು, ಪರೀಕ್ಷೆ ಮುಗೀಲಿ ಅನ್ನಬೇಡ.

ಪ್ರಶ್ನೆ: ಸಿನಿಮಾ ಅಂದರೆ ಎಲ್ಲರೂ ಬೆಂಗಳೂರು, ಮೈಸೂರು ಅನ್ನುತ್ತಾರೆ. ನಮ್ಮ ಜಿಲ್ಲೆಗೆ ಹೇಳಿಕೊಳ್ಳಲು ಏನಿದೆ?
— ಪದವಿ ವಿದ್ಯಾರ್ಥಿನಿ, ತುಮಕೂರು

ತುಂಬಾ ಇದೆ ಕಣಮ್ಮ. ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಹುಟ್ಟಿತ್ತು. ಕನ್ನಡದ ಮೊದಲ ಟಾಕಿ ತೆರೆಗೆ ಬಂದದ್ದು 1934ರಲ್ಲಿ, ಅಂದರೆ ನಾಟಕ ಕಂಪನಿ ಅದಕ್ಕೂ 50 ವರ್ಷ ಮುಂಚಿನದು. ಆ ಕಂಪನಿಯನ್ನು ನಾಡಿನಲ್ಲೆಲ್ಲ ಮನೆಮಾತು ಮಾಡಿದವರು ಗುಬ್ಬಿ ವೀರಣ್ಣ. ಅವರ ಹೆಸರಿನ ಕಲಾಕ್ಷೇತ್ರ ನಮ್ಮ ಊರಿನಲ್ಲೇ ಇದೆ, ನೀನು ಅದರ ಮುಂದೆ ಓಡಾಡಿರುತ್ತೀಯ. 1954ರಲ್ಲಿ ಬಂದ 'ಬೇಡರ ಕಣ್ಣಪ್ಪ'ಕ್ಕೆ ಬಂಡವಾಳ ಹಾಕಿದವರಲ್ಲಿ ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಇತ್ತು. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ ಅದು. ಅದೇ ಚಿತ್ರದಲ್ಲಿ ಕಾಣಿಸಿಕೊಂಡ ನರಸಿಂಹರಾಜು ತಿಪಟೂರಿನವರು. ಅಪ್ಪನ ಪ್ರಕಾರ ನರಸಿಂಹರಾಜು ತೆರೆಗೆ ಬಂದರೆ ಕ್ಯಾಬಿನ್ ಒಳಗೂ ನಗು ಕೇಳಿಸುತ್ತಿತ್ತು, ಮಿಷನ್ ಸದ್ದನ್ನೂ ಮೀರಿ.

ಹಾಗಾಗಿ ಯಾರಾದರೂ ಕೇಳಿದರೆ ತಲೆ ಎತ್ತಿಕೊಂಡು ಹೇಳು.

ಪ್ರಶ್ನೆ: ಫಿಲ್ಮ್ ತುಂಡು, ಸುಟ್ಟುಹೋದ ಬಲ್ಬು, ಕನ್ನಡಿ ಇಟ್ಟುಕೊಂಡು ನಾವು ಮನೆಯಲ್ಲೇ ಸಿನಿಮಾ ಬಿಡುತ್ತಿದ್ದೆವು. ಮೊಮ್ಮಗ ನಂಬುತ್ತಿಲ್ಲ. ತೋರಿಸೋಣ ಅಂದರೆ ವಿಧಾನ ಸರಿಯಾಗಿ ನೆನಪಾಗುತ್ತಿಲ್ಲ. ಹಳೇ ತುಂಡುಗಳು ಒಂದು ಡಬ್ಬಿಯಲ್ಲಿ ಇವೆ, ಹುಳಿ ವಾಸನೆ ಬರುತ್ತಿದೆ.
— ಅಜ್ಜ, ಕೊರಟಗೆರೆ

ಮೊದಲು ಆ ಡಬ್ಬಿಯ ಮುಚ್ಚಳ ತೆಗೆಯಿರಿ. ಹುಳಿ ವಾಸನೆ ಅಂದರೆ ಫಿಲ್ಮು ಕೆಡಲು ಶುರುವಾಗಿದೆ. ಆ ಕಾಲದ ಪ್ರಿಂಟುಗಳು ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು. ಶೆಕೆಯಲ್ಲಿ, ಗಾಳಿಯಾಡದ ಕಡೆ ಇಟ್ಟರೆ ಅದರಿಂದ ವಿನಿಗರ್‌ನಂಥ ಆಮ್ಲ ಬಿಡುಗಡೆಯಾಗುತ್ತದೆ, ಅದು ಪಕ್ಕದ ತುಂಡನ್ನೂ ಕೆಡಿಸುತ್ತದೆ. ವಾಸನೆ ಬಂದವನ್ನು ಬೇರೆ ಮಾಡಿ. ಉಳಿದವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ತಂಪಾದ, ಗಾಳಿಯಾಡುವ ಜಾಗದಲ್ಲಿ ಇಡಿ. ಬಿಸಿಲಿಗೆ ಒಣಗಿಸಬೇಡಿ. ಪ್ರತಿ ತುಂಡನ್ನೂ ಕಿಟಕಿ ಬೆಳಕಿಗೆ ಹಿಡಿದು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಸಿನಿಮಾ ಬಿಡುವ ಕ್ರಮ. ಆಗ ನಾವು ಸುಟ್ಟ ಬಲ್ಬಿನ ಬುಡ ಬಿಡಿಸಿ, ಒಳಗಿನ ತಂತಿ ತೆಗೆದು ನೀರು ತುಂಬಿಸುತ್ತಿದ್ದೆವು. ಗಾಜು ಕೈ ಕೊಯ್ಯುತ್ತದೆ, ಮೊಮ್ಮಗನ ಜೊತೆ ಅದು ಬೇಡ. ಒಂದು ಭೂತಗನ್ನಡಿ ಸಾಕು, ಕೆಲಸ ಅದೇ. ಕೋಣೆ ಬಾಗಿಲು ಕಿಟಕಿ ಮುಚ್ಚಿ. ಒಂದು ರಟ್ಟಿನಲ್ಲಿ ಫಿಲ್ಮಿನ ಒಂದೇ ಚಿತ್ರದಷ್ಟು ಚೌಕ ಕತ್ತರಿಸಿ ಕಿಟಕಿ ಸಂದಿಗೆ ಸಿಕ್ಕಿಸಿ. ಹೊರಗೆ ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಆ ಚೌಕಕ್ಕೆ ತಿರುಗಿಸಬೇಕು. ಚೌಕಕ್ಕೆ ಫಿಲ್ಮು, ಅದರ ಮುಂದೆ ಭೂತಗನ್ನಡಿ, ಎದುರು ಗೋಡೆಗೆ ಬಿಳಿ ಪಂಚೆ. ಭೂತಗನ್ನಡಿಯನ್ನು ಹಿಂದೆ ಮುಂದೆ ಮಾಡಿದರೆ ಒಂದು ಕಡೆ ಚಿತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಫಿಲ್ಮನ್ನು ತಲೆಕೆಳಗಾಗಿ ಇಡುವುದು ಮರೆಯಬೇಡಿ, ಮಸೂರ ಚಿತ್ರವನ್ನು ತಿರುವಿ ಹಾಕುತ್ತದೆ. ಕನ್ನಡಿ ಹಿಡಿದವರು ಬಿಸಿಲು ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಳ್ಳಬೇಕು. ಫಿಲ್ಮು ಬಿಸಿಯಾದರೆ ತೆಗೆದುಬಿಡಿ.

ನಮ್ಮ ಗಲ್ಲಿಯಲ್ಲಿ ಅಪ್ಪನ ದೆಸೆಯಿಂದ ಫಿಲ್ಮಿಗೆ ಬರ ಇರಲಿಲ್ಲ. ಕ್ಯಾಬಿನ್ ಮೆಟ್ಟಿಲ ಕೆಳಗೆ ಕತ್ತರಿಸಿ ಎಸೆದ ತುಂಡು, ಕಾರ್ಬನ್ ಮೋಟು ಸಿಗುತ್ತಿತ್ತು. ಮೋಟಿನ ತಾಮ್ರ ಸುಲಿದು ಹುಡುಗರು ಗುಜರಿಗೆ ಹಾಕಿ ಪೆಪ್ಪರ್‌ಮಿಂಟು ತಿನ್ನುತ್ತಿದ್ದರು. ಫಿಲ್ಮಿನಲ್ಲಿ ಹೀರೊ ಇರುವ ತುಂಡಿಗೆ ಬೆಲೆ ಜಾಸ್ತಿ, ಫೈಟಿಂಗ್ ಇದ್ದರೆ ಇನ್ನೂ ಜಾಸ್ತಿ. ಒಂದಡಿ ತುಂಡು ಅಂದರೆ ಮುಕ್ಕಾಲು ಸೆಕೆಂಡೂ ಇಲ್ಲದ ಸಿನಿಮಾ. ಅದಕ್ಕೆ ಮಧ್ಯಾಹ್ನವಿಡೀ ಕೂತು ನಾವೇ ಕಥೆ ಕಟ್ಟುತ್ತಿದ್ದೆವು, ನಾವೇ ಡೈಲಾಗ್ ಹೇಳುತ್ತಿದ್ದೆವು. ತುಂಬ ಸುಖವಾಗಿದ್ದೆವು.

ಪ್ರಶ್ನೆ: ನೀವು ಮಲ್ಟಿಪ್ಲೆಕ್ಸಿಗೆ ಹೋಗುತ್ತೀರಾ?
— ಹೆಸರು ಬೇಡ, ಕ್ಯಾತ್ಸಂದ್ರ

ಹೋಗುತ್ತೇನೆ, ಖುಷಿಯಿಂದ ಹೋಗುತ್ತೇನೆ. ಚಿತ್ರ ಅಲುಗಾಡುವುದಿಲ್ಲ, ಗೀರಿಲ್ಲ, ಕೊನೇ ಸಾಲಿನವರೆಗೂ ಮಾತು ಕೇಳುತ್ತದೆ. ಅಪ್ಪ ಬದುಕಿನುದ್ದಕ್ಕೂ ಪಟ್ಟ ಪಾಡು ಇದಕ್ಕೇ ಅಲ್ವಾ? ಟಿಕೆಟ್ ದರ ಮಾತ್ರ ನನಗೆ ಒಪ್ಪಿಗೆಯಿಲ್ಲ. ನೆಲದ ಕ್ಲಾಸಿನಲ್ಲಿ ಕೂತು ನೋಡುತ್ತಿದ್ದವರು ಇವತ್ತು ಎಲ್ಲಿ ಕೂರಬೇಕು? ಕೂಲಿ ಮಾಡುವ ತಾಯಿ ಮೂರು ಮಕ್ಕಳನ್ನು ಕರೆದುಕೊಂಡು ಸಿನಿಮಾಗೆ ಹೋಗುವ ಹಾಗಿರಬೇಕು. ಮೊದಲು ಹೋಗುತ್ತಿದ್ದಳು.

ಪ್ರಶ್ನೆ: ನಮ್ಮ ತಂದೆ ಒಂದು ಥಿಯೇಟರಿನಲ್ಲಿ ಗೇಟ್‌ಕೀಪರ್ ಆಗಿದ್ದರು. ಅದು ಮುಚ್ಚಿದಾಗ ಬರಿಗೈಲಿ ಮನೆಗೆ ಬಂದರು. ಈಗ ವಯಸ್ಸಾಗಿದೆ, ಮಾತು ಕಮ್ಮಿ. ಅವರ ನೆನಪುಗಳನ್ನು ಬರೆದಿಡಬೇಕು ಅಂತ ಆಸೆ. "ನಾನೇನು ಸಿನಿಮಾದವನಾ, ಬರಿ ಟಿಕೆಟ್ ಹರಿದವನು" ಅನ್ನುತ್ತಾರೆ. ಏನು ಕೇಳಬೇಕು, ಮೊದಲು ಯಾವ ಪ್ರಶ್ನೆ ಕೇಳಬೇಕು?
— ಅಂಗನವಾಡಿ ಕಾರ್ಯಕರ್ತೆ, ತುರುವೇಕೆರೆ

ತಂಗಿ, ನಿಮ್ಮ ಪತ್ರಕ್ಕಾಗಿಯೇ ನಾನು ಈ ಅಂಕಣ ಬರೆದೆ ಅಂದರೂ ತಪ್ಪಿಲ್ಲ. ತೆರೆ ಮೇಲಿದ್ದವರ ಬಗ್ಗೆ ಪುಸ್ತಕಗಳಿವೆ. ಊರೂರಿನ ಥಿಯೇಟರ್ ನಡೆಸಿದ ಕೈಗಳ ಬಗ್ಗೆ ಬರೆದಿಟ್ಟದ್ದು ಬಹಳ ಕಮ್ಮಿ. ಬೆಳಗಿನ ಜಾವ ಮೈದಾಹಿಟ್ಟಿನ ಅಂಟು ಕಾಸಿ ಗೋಡೆಗೆ ಪೋಸ್ಟರ್ ಅಂಟಿಸಿದವರು, ಜಟಕಾದಲ್ಲಿ ಮೈಕ್ ಹಿಡಿದು ಬಣ್ಣಬಣ್ಣದ ಚೀಟಿ ಹಾರಿಸಿದವರು, ಒಂದೇ ಪ್ರಿಂಟನ್ನು ಎರಡು ಥಿಯೇಟರಿಗೆ ಹಂಚಿಕೊಂಡಾಗ ಸೈಕಲ್ ಹಿಂದೆ ರೀಲಿನ ಡಬ್ಬಿ ಕಟ್ಟಿಕೊಂಡು ಓಡಿದ ಹುಡುಗರು. ಆ ಹುಡುಗನ ಸೈಕಲ್ ಪಂಕ್ಚರ್ ಆದರೆ ಅಲ್ಲಿ 800 ಜನ ಕತ್ತಲಲ್ಲಿ ಕೂತಿರಬೇಕಿತ್ತು. ಇವರಿಲ್ಲದೆ ಯಾವ ಸ್ಟಾರೂ ತುರುವೇಕೆರೆಗೆ ಬರುತ್ತಿರಲಿಲ್ಲ.

ನಿಮ್ಮ ತಂದೆಯವರಿಗೆ ಒಂದು ಅನ್ಯಾಯ ಆಗಿದೆ. ಅದನ್ನು ಬರೆಯಿರಿ, ಬಿಡಬೇಡಿ. ಎಷ್ಟು ವರ್ಷದ ಕೆಲಸ, ಸಂಬಳ ಎಷ್ಟು, ಪಿ.ಎಫ್. ಹಿಡಿಯುತ್ತಿದ್ದರಾ, ಕೊನೇ ದಿನ ಏನು ಹೇಳಿ ಕಳಿಸಿದರು. ಪಿ.ಎಫ್. ಹಿಡಿದಿದ್ದರೆ ಹಳೇ ಚೀಟಿ ಏನಾದರೂ ಇದೆಯಾ ಹುಡುಕಿ, ಕಚೇರಿಯಲ್ಲಿ ವಿಚಾರಿಸಿ. ಆದರೆ ಮಾತನ್ನು ಅಲ್ಲಿಂದ ಶುರು ಮಾಡಬೇಡಿ, ಅವರು ಮುಚ್ಚಿಕೊಂಡುಬಿಡುತ್ತಾರೆ.

ಯಾವ ಸಿನಿಮಾ ಇಷ್ಟ ಅಂತಲೂ ಕೇಳಬೇಡಿ. ಕೈ ಕೆಲಸದ ಬಗ್ಗೆ ಕೇಳಿ. ಟಿಕೆಟ್ ಹೇಗೆ ಹರಿಯುತ್ತಿದ್ದಿರಿ, ಯಾವ ಅರ್ಧ ನಿಮಗೆ, ಯಾವ ಅರ್ಧ ಅವರಿಗೆ? ಕತ್ತಲಲ್ಲಿ ತಡವಾಗಿ ಬಂದವರಿಗೆ ಟಾರ್ಚ್ ಹೇಗೆ ಹಿಡಿಯುತ್ತಿದ್ದಿರಿ? ಹೊಸ ಸಿನಿಮಾದ ಪೆಟ್ಟಿಗೆ ಯಾವ ಬಸ್ಸಿನಲ್ಲಿ ಬರುತ್ತಿತ್ತು, ಯಾರು ಇಳಿಸುತ್ತಿದ್ದರು? ಶುಕ್ರವಾರ ಬಾಗಿಲಿಗೆ ಪೂಜೆ ಮಾಡುತ್ತಿದ್ದಿರಾ? ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡರೆ ಟಿಕೆಟ್ ಇಲ್ಲ ಅಂತ ದೊಡ್ಡ ಹುಡುಗರನ್ನೂ ಎತ್ತಿಕೊಂಡು ಬಂದವರಿಗೆ ಏನು ಹೇಳುತ್ತಿದ್ದಿರಿ? ಕರೆಂಟು ಹೋಗಿ ಪಾಸ್ ಕೊಟ್ಟ ರಾತ್ರಿ ಗಲಾಟೆ ಆಗಿತ್ತಾ? ಶೋ ಬಿಟ್ಟ ಮೇಲೆ ಸೀಟಿನ ಕೆಳಗೆ ಏನೇನು ಸಿಗುತ್ತಿತ್ತು? ಒಂದು ಚಪ್ಪಲಿ, ಓಲೆ, ನಿದ್ದೆ ಹೋದ ಮಗು. ನಮ್ಮ ಥಿಯೇಟರಿನಲ್ಲಿ ಹಾಗೆ ಉಳಿದ ಮಗುವೊಂದನ್ನು ಗೇಟ್‌ಕೀಪರ್ ಮಾಮ ಎತ್ತಿಕೊಂಡು ಮನೆ ಮನೆ ಕೇಳಿಕೊಂಡು ಹೋಗಿದ್ದರು. ಬೆಳಗಿನ ಜಾವಕ್ಕೆ ತಾಯಿ ಸಿಕ್ಕಳು.

ಒಂದೇ ದಿನ ಎಲ್ಲ ಕೇಳಬೇಡಿ. ಸಾಧ್ಯವಾದರೆ ಆ ಕಟ್ಟಡದ ಹತ್ತಿರ ಕರೆದುಕೊಂಡು ಹೋಗಿ. ಕಟ್ಟಡ ಇಲ್ಲದಿದ್ದರೆ ಒಂದು ಹಾಳೆ ಕೊಟ್ಟು ಗೇಟು ಎಲ್ಲಿತ್ತು, ಟಿಕೆಟ್ ಕೌಂಟರ್ ಎಲ್ಲಿತ್ತು ಅಂತ ಗೆರೆ ಎಳೆಯಲು ಹೇಳಿ. ಅವರ ಮಾತು ಹೇಗಿದೆಯೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಬರೆದದ್ದನ್ನು ನನಗೆ ಕಳಿಸಿ. ಈ ಅಂಕಣದ ಜಾಗ ಅವರಿಗೆ ಬಿಟ್ಟುಕೊಡುತ್ತೇನೆ.

ಮೊದಲ ಪ್ರಶ್ನೆ ಯಾವುದು ಅಂದಿರಿ. ಇದು ಕೇಳಿ: "ಅಪ್ಪ, ಹೌಸ್‌ಫುಲ್ ಬೋರ್ಡ್ ಹಾಕಿದ ಮೇಲೂ ನೀನು ಯಾರನ್ನ ಒಳಗೆ ಬಿಡ್ತಿದ್ದೆ?"